ಬೋಸಯ್ಯ ನೆಟ್‌ವರ್ಕು ಕಾಯ್ದ ಕತೆ

ಇದು ರಾಜ ರಾಣಿಯರ ಕಾಲದ್ದಲ್ಲ, ಮೊನ್ನೆ ಮೊನ್ನೆಯದು. ಕಂಬಳಿಹಟ್ಟಿ ಅಂತ ಒಂದು ಊರು. ಅಲ್ಲಿ ಮನುಷ್ಯರಿಗಿಂತ ಕುರಿಗಳು ಜಾಸ್ತಿ. ಬುದ್ಧಿಯ ಲೆಕ್ಕ ತೆಗೆದರೂ ಕುರಿಗಳದೇ ಮೇಲುಗೈ ಅಂತ ಪಕ್ಕದೂರಿನವರು ಆಡಿಕೊಳ್ಳುತ್ತಿದ್ದರು. ಆ ಊರಲ್ಲಿ ಓಬಮ್ಮ ಅಂತ ಒಬ್ಬಳು ಮುದುಕಿ. ಅವಳಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಪಾಲಯ್ಯ, ಜಾಣ, ಅವನು ಜೈಲಿನಲ್ಲಿದ್ದ. ಚಿಕ್ಕವನು ಬೋಸಯ್ಯ, ಪೆದ್ದ, ಅವನು ಮನೆಯಲ್ಲಿದ್ದ. ದೇವರು ಹಂಚಿಕೊಟ್ಟದ್ದು ಹಾಗೆ.

ಬೋಸಯ್ಯನಿಗೆ ಮೂವತ್ತೆರಡು ತುಂಬಿತ್ತು. ಆಳು ಎತ್ತಿನಂಥವನು. ಸೋಮಾರಿಯಲ್ಲ, ಕೆಟ್ಟವನಲ್ಲ, ಎದುರು ಮಾತಾಡುವವನಂತೂ ಅಲ್ಲವೇ ಅಲ್ಲ. ಅವನ ತೊಂದರೆ ಒಂದೇ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ. ಒಲೆ ಮೇಲೆ ಹಾಲಿದೆ, ಬೆಕ್ಕು ಬಂದರೆ ಓಡಿಸು ಅಂದರೆ ಬೆಕ್ಕನ್ನು ಓಡಿಸಿಕೊಂಡು ಊರು ದಾಟಿ ಹೋಗುತ್ತಿದ್ದ. ಇತ್ತ ಹಾಲು ಉಕ್ಕಿ ಒಲೆ ಆರಿ ಹೋಗುತ್ತಿತ್ತು. ಬೈದರೆ ಬೇಜಾರಿಲ್ಲ. "ಸರಿ ಕಣವ್ವ, ಮುಂದ್ಲ ಸಲ ನೀ ಹೇಳ್ದಂಗೇ ಮಾಡ್ತೀನಿ" ಅನ್ನುತ್ತಿದ್ದ. ಆ ಮಾತು ಕೇಳಿದಾಗಲೇ ಓಬಮ್ಮನ ಎದೆ ಧಸಕ್ ಅನ್ನುತ್ತಿದ್ದದ್ದು.

ದೊಡ್ಡ ಮಗನ ಸಂಕಟ ಬೇರೆ. ನಾಲ್ಕು ವರ್ಷದ ಹಿಂದೆ ಅದೇ ಬೀದಿಯ ಗಾದ್ರಪ್ಪನಿಗೂ ಪಾಲಯ್ಯನಿಗೂ ಒಂದು ಟಗರಿನ ವಿಷಯಕ್ಕೆ ಬೆಳಿಗ್ಗೆ ಮಾತಿಗೆ ಮಾತು ಬೆಳೆಯಿತು. ಅವತ್ತೇ ಸಂಜೆ ಗಾದ್ರಪ್ಪನ ಕುರಿ ಕೂಡುವ ರೊಪ್ಪಕ್ಕೆ ಬೆಂಕಿ ಬಿತ್ತು. ಜ್ವರ ಬಂದು ರೊಪ್ಪದ ಗುಡಿಸಿಲಲ್ಲಿ ಮಲಗಿದ್ದ ಗಾದ್ರಪ್ಪ ಕುರಿಗಳ ಜೊತೆ ಸುಟ್ಟುಹೋದ. ಹೊಗೆಯೊಳಗಿಂದ ಪಾಲಯ್ಯ ಓಡಿಬಂದದ್ದನ್ನು ಕಂಡವರಿದ್ದರು. ಬೆಂಕಿ ಇಟ್ಟು ಓಡಿದನೋ, ಆರಿಸಲು ಹೋಗಿ ಸಾಧ್ಯವಾಗದೆ ಓಡಿದನೋ, ಅದನ್ನು ಕಂಡವರಿರಲಿಲ್ಲ. ಪಾಲಯ್ಯ ಪೊಲೀಸರ ಮುಂದೆ ಬಾಯಿ ಬಿಡಲಿಲ್ಲ, ವಕೀಲರ ಮುಂದೆ ಬಿಡಲಿಲ್ಲ, ಜಡ್ಜರ ಮುಂದೆ ಬಿಡಲಿಲ್ಲ. ಜೀವಾವಧಿ ಆಯಿತು. ಹೆತ್ತವಳ ಮುಂದೆಯೂ ಬಾಯಿ ಬಿಡಲಿಲ್ಲ.

ಹಟ್ಟಿಯಲ್ಲಿ ಒಂದು ಕಟ್ಟಳೆ ಇತ್ತು. ಒಂದು ಮನೆಯವರ ಕೈಯಿಂದ ಇನ್ನೊಂದು ಮನೆಯ ಜೀವ ಹೋದರೆ, ತಪ್ಪಿನ ಮನೆಯ ಹಿರಿ ಹೆಂಗಸು ಹೊಸ ಕರಿ ಕಂಬಳಿ ಒಯ್ದು ಆ ಮನೆಯ ಬಾಗಿಲಲ್ಲಿ ಹಾಸಿ, ಅದರ ಮೇಲೆ ಹಣೆ ಹಚ್ಚಿ 'ತಪ್ಪಾಯಿತು' ಅನ್ನಬೇಕು. ಆಮೇಲೇ ಎರಡು ಮನೆಗೂ ಮಾತುಕತೆ. ಓಬಮ್ಮ ಕಂಬಳಿ ನೇಯಿಸಿ ಅಟ್ಟದ ಮೇಲಿಟ್ಟು ಮೂರು ವರ್ಷವಾಗಿತ್ತು. ಹಾಸಿದರೆ ನನ್ನ ಮಗನೇ ಕೊಂದ ಅಂತ ತಾನೇ ಊರಿಗೆ ಸಾರಿದ ಹಾಗೆ. ಹಾಸದೆ ಬಿಟ್ಟರೆ, ಅವನು ಕೊಂದದ್ದೇ ನಿಜವಾದರೆ, ಗಾದ್ರಪ್ಪನ ಹೆಂಡತಿ ಚೌಡಮ್ಮನಿಗೆ ದಿನಾ ದ್ರೋಹ ಮಾಡಿದ ಹಾಗೆ. ಬೀದಿ ನಲ್ಲಿಯಲ್ಲಿ ದಿನಾ ಇಬ್ಬರೂ ಎದುರಾಗುತ್ತಿದ್ದರು. ತಲೆ ಎತ್ತಬೇಕೋ ತಗ್ಗಿಸಬೇಕೋ ತಿಳಿಯದೆ ಓಬಮ್ಮ ಬಿಂದಿಗೆಯ ಬಾಯಿ ನೋಡುತ್ತ ನಿಲ್ಲುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. ನೀನು ಬೆಂಕಿ ಇಟ್ಟೆಯೋ, ಇಲ್ಲವೋ? ಅದನ್ನು ಅವನ ಮುಖ ನೋಡಿ ಕೇಳಬೇಕು.

ಜೈಲು ದೂರ. ಒಂದು ಸಲ ಎರಡು ಬಸ್ಸು ಬದಲಿಸಿ ಹೋಗಿದ್ದಳು. ತಂತಿ ಬಲೆಯ ಆಚೆ ಐವತ್ತು ಜನ, ಈಚೆ ಐವತ್ತು ಜನ, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಮಗನ ಬಾಯಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಬಂದ ಮೇಲೆ ಮಂಡಿ ಊದಿ, ಮತ್ತೆ ಬಸ್ಸು ಹತ್ತುವ ಮಾತೇ ಇಲ್ಲವಾಯಿತು. ಹಾಗಿರುವಾಗ ಪಂಚಾಯಿತಿ ಲೈಬ್ರರಿಗೆ ಕಂಪ್ಯೂಟರು ಬಂತು. ಲೈಬ್ರರಿಯ ದಾಕ್ಷಾಯಣಮ್ಮ ಮೇಡಮ್ಮು ಒಳ್ಳೆಯ ಹೆಂಗಸು. ಓಡಾಡಿ ಅರ್ಜಿ ಹಾಕಿದರು. ತಿಂಗಳಿಗೊಂದು ಸಲ, ಹತ್ತು ನಿಮಿಷ, ಪಾಲಯ್ಯ ಅಲ್ಲಿ ಪರದೆಯ ಮುಂದೆ, ಓಬಮ್ಮ ಇಲ್ಲಿ ಪರದೆಯ ಮುಂದೆ.

"ತಾಯಿ ಮಗನ ಮಾತು ನಾನು ಕೇಳಬಾರದು" ಅಂದರು ಮೇಡಮ್ಮು. "ಲೈನು ಹಾಕಿಕೊಟ್ಟು ನಾನು ಆಚೆ ಬೇವಿನ ಮರದ ಕೆಳಗೆ ಕೂತಿರ್ತೀನಿ. ಒಳಗೆ ಬೋಸಯ್ಯ ಇರಲಿ."

ಅಲ್ಲಿಂದ ಶುರುವಾಯಿತು ನೋಡಿ.

ಮೊದಲನೆಯ ತಿಂಗಳು. ಓಬಮ್ಮ ತಲೆಗೆ ಎಣ್ಣೆ ಹಚ್ಚಿ, ತೊಳೆದ ಸೀರೆ ಉಟ್ಟು ಬಂದಳು. ಬಾಗಿಲಲ್ಲೇ ಮಗನಿಗೆ ಹೇಳಿದಳು, "ಬೋಸಾ, ನಿಂಗೆ ಎದ್ದು ಎದ್ದು ಓಡಾಡೋ ಚಾಳಿ. ಅಣ್ಣನ ಮಾತು ಮುಗಿಯೋಗಂಟ ಕುಂತ ಜಾಗ ಬಿಟ್ಟು ಏಳಬ್ಯಾಡ."

"ಏಳಕಿಲ್ಲ ಕಣವ್ವ."

ಲೈನು ಬಂತು. ಪಾಲಯ್ಯನ ಮುಖ ಬಂತು. ಗಡ್ಡ ನರೆತಿತ್ತು. ಅದನ್ನು ನೋಡಿಯೇ ಓಬಮ್ಮನಿಗೆ ಐದು ನಿಮಿಷ ಅಳುವುದಾಯಿತು. ಕಣ್ಣೊರೆಸಿಕೊಂಡು ಇನ್ನೇನು ಕೇಳಬೇಕು, ಪರದೆ ಕಪ್ಪಾಯಿತು.

ಬಾಗಿಲ ಹತ್ತಿರ ಒಂದು ಕುರಿ ನಿಂತಿತ್ತು. ಕಂಬದಿಂದ ಬಂದ ವಯರು ಅದರ ಬಾಯಲ್ಲಿತ್ತು. ಬೋಸಯ್ಯ ಅದನ್ನೇ ನೋಡುತ್ತ ಕೂತಿದ್ದ.

"ನೋಡ್ತಾ ಇದ್ದೇನ್ಲಾ?"

"ಆಗ್ಲಿಂದ ನೋಡ್ತಾ ಇದೀನವ್ವ. ಮೊದ್ಲು ಮೂಸ್ತು. ಆಮೇಲೆ ನೆಕ್ತು. ಆಮೇಲೆ ಅಗಿಯಾಕೆ ಹತ್ತಿತು. ನೀ ಏಳಬ್ಯಾಡ ಅಂದಿದ್ದೆಯಲ್ಲ."

ಓಬಮ್ಮ ಹಣೆ ಚಚ್ಚಿಕೊಂಡಳು. "ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಬೀಳ. ವಯರಿಗೆ ಏನು ಅಂಟ್ಕೊಂಡಿದ್ರೂ ಎದ್ದು ಹೋಗಿ ಕಿತ್ತು ಹಾಕಬೇಕು ಕಣ್ಲಾ. ಗೊತ್ತಾಯ್ತಾ?"

"ಗೊತ್ತಾಯ್ತವ್ವ. ಮುಂದ್ಲ ಸಲ ನೀ ಹೇಳ್ದಂಗೇ ಮಾಡ್ತೀನಿ."

ಎರಡನೆಯ ತಿಂಗಳು. ಓಬಮ್ಮ ಈ ಸಲ ಅಳುವುದಿಲ್ಲ ಅಂತ ಹರಕೆ ಹೊತ್ತು ಬಂದಿದ್ದಳು. ಲೈನು ಬಂತು. ಪಾಲಯ್ಯ, "ಅವ್ವಾ, ಮಂಡಿ ಹೆಂಗೈತೆ?" ಅಂದ. "ಮಂಡಿ ಮನೆ ಹಾಳಾಗ್ಲಿ, ನೀ ಒಂದು ಮಾತು ಹೇಳು ಮಗ" ಅಂತ ಓಬಮ್ಮ ಬಾಯಿ ತೆಗೆದಳು. ಪರದೆ ಕಪ್ಪಾಯಿತು.

ಬೋಸಯ್ಯ ಬೆವರು ಒರೆಸಿಕೊಳ್ಳುತ್ತ ಗೋಡೆಯ ಹತ್ತಿರ ನಿಂತಿದ್ದ. ಅವನ ಕಾಲ ಬುಡದಲ್ಲಿ ಒಂದು ರಾಶಿ. ವಯರಿನ ತುದಿಗೆ ಇದ್ದ ದೀಪ ಮಿಣುಕುವ ಪೆಟ್ಟಿಗೆಯನ್ನು ಕಿತ್ತಿದ್ದ. ಪೆಟ್ಟಿಗೆಯಿಂದ ಹೋದ ಇನ್ನೊಂದು ವಯರು ಕಂಪ್ಯೂಟರಿಗೆ ಅಂಟಿಕೊಂಡಿತ್ತಲ್ಲ, ಅದನ್ನೂ ಕಿತ್ತಿದ್ದ. ಗೋಡೆಗೆ ವಯರನ್ನು ಹಿಡಿದಿದ್ದ ಮೊಳೆಗಳನ್ನೂ ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಂಡಿದ್ದ.

"ಎಷ್ಟೊಂದು ಅಂಟ್ಕೊಂಡಿದ್ವು ಕಣವ್ವ. ಕುರಿ ಒಂದೇ ಅಲ್ಲ."

ದಾಕ್ಷಾಯಣಮ್ಮ ಒಳಗೆ ಬಂದು ನೋಡಿ ಕುರ್ಚಿಯ ಮೇಲೆ ಕೂತರು. ಓಬಮ್ಮ ಬೈದಳು, ಹೊಡೆದಳು, ಆಮೇಲೆ ಗೋಡೆಗೆ ಒರಗಿ ಕೂತಳು. ಎರಡು ತಿಂಗಳು ಹೋಯಿತು. ನಲ್ಲಿಯ ಹತ್ತಿರ ಇನ್ನೂ ಮೂವತ್ತು ದಿನ ಬಿಂದಿಗೆಯ ಬಾಯಿ ನೋಡಬೇಕು.

ನೆಟ್‌ವರ್ಕು ರಿಪೇರಿಯವರು ಹಟ್ಟಿಗೆ ಬರುವವರಲ್ಲ. ಎಲ್ಲೋ ದೂರದ ಆಫೀಸಿನಲ್ಲಿ ಕೂತು ಫೋನಿನಲ್ಲೇ ರಿಪೇರಿ ಹೇಳುತ್ತಾರೆ. ಹಲ್ಲುನೋವಿನವನಿಗೆ ಫೋನಿನಲ್ಲಿ ಹಲ್ಲು ಕೀಳುವ ವೈದ್ಯರ ಹಾಗೆ. ಮೇಡಮ್ಮು ಫೋನು ಮಾಡಿದರು. ಯಾವ ವಯರು ಎಲ್ಲಿಗೆ ಅಂತ ಕೇಳಿ ಕೇಳಿ ಜೋಡಿಸಿದರು. ಕೊನೆಗೆ ಫೋನನ್ನು ಬೋಸಯ್ಯನ ಕಿವಿಗೆ ಕೊಟ್ಟು, "ಒಳಗೆ ಇರೋನು ನೀನು. ನೀನೇ ಕೇಳಿಸ್ಕೋ" ಅಂದರು.

ಆ ಕಡೆಯ ದನಿ ನಿಧಾನವಾಗಿ ಹೇಳಿತು. "ನೋಡಿ, ವಯರು ಕೀಳಬೇಡಿ. ಪರದೆ ಮೇಲಿನ ಮನುಷ್ಯ ಅಲ್ಲಾಡದೆ ನಿಂತುಬಿಟ್ರೆ, ಪೆಟ್ಟಿಗೆ ಸ್ವಿಚ್ಚು ಆರಿಸಿ. ಒಂದರಿಂದ ಮೂವತ್ತರ ತನಕ ಎಣಿಸಿ. ಮತ್ತೆ ಹಾಕಿ. ನೂರಕ್ಕೆ ತೊಂಬತ್ತು ಸಲ ಸರಿಹೋಗುತ್ತೆ."

"ಸರಿ ಸ್ವಾಮಿ. ನೀವು ಹೇಳ್ದಂಗೇ ಮಾಡ್ತೀನಿ."

ಮೂರನೆಯ ತಿಂಗಳು. ಈ ಸಲ ಓಬಮ್ಮ ಮಂಡಿ ಮಾತಿಗೂ ಜಾಗ ಕೊಡಲಿಲ್ಲ. ಮುಖ ಬಂದ ತಕ್ಷಣ ಕೇಳಿದಳು. "ಪಾಲಾ, ನನ್ನ ಕಣ್ಣು ನೋಡಿ ಹೇಳು. ಗಾದ್ರಪ್ಪನ ರೊಪ್ಪಕ್ಕೆ ಬೆಂಕಿ ಇಟ್ಟೋನು ನೀನಾ, ಅಲ್ವಾ?"

ಪಾಲಯ್ಯ ತಲೆ ತಗ್ಗಿಸಿದ. ಅಲ್ಲಾಡಲಿಲ್ಲ. ಓಬಮ್ಮ ಪರದೆಯ ಹತ್ತಿರ ಬಾಗಿ ನೋಡಿದಳು. ನಾಲ್ಕು ವರ್ಷ ಮುಚ್ಚಿದ ಬಾಯಿ, ಅಷ್ಟು ಸುಲಭಕ್ಕೆ ತೆರೆಯುತ್ತದೆಯೇ? ಕಣ್ಣಿಂದ ಒಂದು ಹನಿ ಗಡ್ಡಕ್ಕೆ ಇಳಿಯಿತು. ಅವನು ತಲೆ ಎತ್ತಿದ, ತುಟಿ ಬಿಚ್ಚಿದ. ಟಕ್ ಅಂತ ಶಬ್ದವಾಯಿತು. ಪರದೆ ಕಪ್ಪಾಯಿತು.

"ಅಣ್ಣ ಅಲ್ಲಾಡ್ದೆ ನಿಂತುಬಿಟ್ಟಿದ್ದ ಕಣವ್ವ" ಅಂದ ಬೋಸಯ್ಯ. "ಒಂದು, ಎರಡು, ಮೂರು."

"ಹಾಕ್ಲಾ ಸ್ವಿಚ್ಚು!"

"ಮೂವತ್ತಾಗ್ಬೇಕು ಕಣವ್ವ. ಮಧ್ಯ ಮಾತಾಡ್ಸಿದ್ರೆ ಲೆಕ್ಕ ತಪ್ತೈತೆ. ಒಂದು, ಎರಡು, ಮೂರು."

ಹಟ್ಟಿಯಲ್ಲಿ ಕುರಿ ಎಣಿಸುವುದು ಇಪ್ಪತ್ತು ಇಪ್ಪತ್ತಾಗಿ. ಇಪ್ಪತ್ತಾದರೆ ಒಂದು ಕಲ್ಲು ಬದಿಗಿಟ್ಟು ಮತ್ತೆ ಒಂದರಿಂದ ಶುರು. ಬೋಸಯ್ಯನಿಗೆ ಬರುತ್ತಿದ್ದ ಲೆಕ್ಕ ಅಷ್ಟೇ. ಇಪ್ಪತ್ತಾಯಿತು. ಕಲ್ಲು ಬೇಕಲ್ಲ, ಅಂಗಳಕ್ಕೆ ಹೋಗಿ ತಂದ. ಮತ್ತೆ ಒಂದರಿಂದ ಎಣಿಸಿದ. ಮತ್ತೆ ಇಪ್ಪತ್ತಾಯಿತು. ಮತ್ತೊಂದು ಕಲ್ಲು ತಂದ. ಮೂವತ್ತು ಮಾತ್ರ ಬರಲೇ ಇಲ್ಲ. ಓಬಮ್ಮ ಊದಿದ ಮಂಡಿ ಹಿಡಿದು ಎದ್ದು ಸ್ವಿಚ್ಚಿನ ಕಡೆ ಕೈ ಚಾಚುವಷ್ಟರಲ್ಲಿ ಅವನು ಬಂದು ಬೆನ್ನು ಅಡ್ಡ ಕೊಡುತ್ತಿದ್ದ. ಮೇಡಮ್ಮು ಕಿರುಚಾಟ ಕೇಳಿ ಒಳಗೆ ಬಂದು ಸ್ವಿಚ್ಚು ಹಾಕುವಷ್ಟರಲ್ಲಿ ಮೇಜಿನ ಮೇಲೆ ಆರು ಕಲ್ಲು ಸಾಲಾಗಿದ್ದವು. ಹತ್ತು ನಿಮಿಷ ಮುಗಿದಿತ್ತು.

ಅವತ್ತು ಓಬಮ್ಮ ಹೊಡೆಯಲಿಲ್ಲ. ನೆಲದ ಮೇಲೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಹೇಳೋಕೆ ಬಾಯಿ ತೆಗೆದಿದ್ದ, ಹೇಳೋಕೆ ಬಾಯಿ ತೆಗೆದಿದ್ದ ಅಂತ ಅದನ್ನೇ ಅನ್ನುತ್ತಿದ್ದಳು. ಬೋಸಯ್ಯ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದ. ಅಳು ನಿಂತ ಮೇಲೆ ಅವಳು ಹೇಳಿದಳು. "ಇನ್ಮೇಲೆ ನೀನಾಗಿ ಏನೂ ಮುಟ್ಟಬ್ಯಾಡ ಕಣೋ. ನಿಂತ್ರೂ ಮುಟ್ಟಬ್ಯಾಡ, ಉರಿದ್ರೂ ಮುಟ್ಟಬ್ಯಾಡ. ಒಳಗೆ ಏನಾಯ್ತೋ ಅದನ್ನ ಆಚೆ ಹೋಗಿ ಹೇಳು. ಅಷ್ಟೇ."

"ಆಚೆ ಹೋಗಿ ಹೇಳ್ತೀನಿ ಕಣವ್ವ."

ನಾಲ್ಕನೆಯ ತಿಂಗಳು ಮೇಡಮ್ಮು ಲೈನು ಹಾಕಿಕೊಟ್ಟವರೇ ಪಕ್ಕದ ಊರಿನ ಲೈಬ್ರರಿಗೆ ಹೋಗಬೇಕಾಯಿತು. ಅದೂ ಅವರ ತಲೆಗೇ ಕಟ್ಟಿದ್ದರು. ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ.

ಅವತ್ತು ನೆಟ್‌ವರ್ಕು ಅರ್ಧಂಬರ್ಧ. ದನಿ ಬರುತ್ತಿತ್ತು, ಮುಖ ಚೂರು ಚೂರಾಗುತ್ತಿತ್ತು. ಆದರೂ ಓಬಮ್ಮನಿಗೆ ಒಂದು ಮಾತು ಸರಿಯಾಗಿ ಕೇಳಿತು. ಪಾಲಯ್ಯ ಹೇಳಿದ, "ಅವ್ವಾ, ಹೋದ ಸಲ ಹೇಳಾಕೆ ಬಂದೆ, ನೀನೇ ಲೈನು ಆರಿಸ್ಬಿಟ್ಟೆ. ಕೇಳಾಕೆ ನಿಂಗೇ ಧೈರ್ಯ ಇಲ್ಲ ಅಂದ್ಕೊಂಡೆ."

"ನಾನಲ್ಲ ಕಣಪ್ಪ, ನಿನ್ನ ತಮ್ಮ."

"ಯಾರಾದ್ರೂ ಆಗ್ಲಿ. ಇವತ್ತು ನಂಗೆ ಬಾಯಿ ಬರಾಕಿಲ್ಲ. ಮುಂದ್ಲ ತಿಂಗಳು ಹೇಳ್ತೀನಿ. ಒಂದೇ ಒಂದು ಸಲ ಹೇಳ್ತೀನಿ. ಕೇಳಿದ ಮೇಲೆ ನಾನು ನಿಂಗೆ ಮಗ ಹೌದೋ ಅಲ್ವೋ, ನೀನೇ ಹೇಳು. ಆಮೇಲೆ ಆ ಮಾತು ಮತ್ತೆ ಎತ್ತಂಗಿಲ್ಲ."

ಓಬಮ್ಮ ಕಣ್ಣು ಮುಚ್ಚಿ ಕೈ ಮುಗಿದಳು. ಕಣ್ಣು ಬಿಟ್ಟಾಗ ಬೋಸಯ್ಯ ಪಕ್ಕದಲ್ಲಿರಲಿಲ್ಲ.

ಒಳಗೆ ಏನಾಯಿತೋ ಅದನ್ನು ಆಚೆ ಹೋಗಿ ಹೇಳಬೇಕು. ಹೇಳಲು ಹೋಗಿದ್ದ. ಮರದ ಕೆಳಗೆ ಮೇಡಮ್ಮು ಇಲ್ಲ. ಇಲ್ಲದಿದ್ದರೇನು, ಆಚೆ ಅನ್ನುವುದು ಬಹಳ ದೊಡ್ಡದು. ಹಿಟ್ಟಿನ ಗಿರಣಿಯಲ್ಲಿ ಹೇಳಿದ, "ನಮ್ಮಣ್ಣನ ಮೂಗು ಕಿವಿ ಹತ್ರ ಹೋಗೈತೆ. ಮುಂದ್ಲ ತಿಂಗಳು ಬೆಂಕಿ ಇಟ್ಟೋರ್ಯಾರು ಅಂತ ಹೇಳ್ತಾನಂತೆ." ಕ್ಷೌರದ ಅಂಗಡಿಯಲ್ಲಿ ಹೇಳಿದ. ಗುಡಿ ಕಟ್ಟೆಯ ಮೇಲೆ ಹೇಳಿದ. ಕೊನೆಗೆ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಚೌಡಮ್ಮನಿಗೇ ಹೇಳಿದ. ಚೌಡಮ್ಮನ ಬಿಂದಿಗೆ ತುಂಬಿ ಹರಿಯಿತು. ಅವಳು ನಲ್ಲಿ ನಿಲ್ಲಿಸಲಿಲ್ಲ.

ಮಾರನೆಯ ದಿನದಿಂದ ಓಬಮ್ಮ ಬೀದಿಗೆ ಬಂದರೆ ಜನ ಮಾತು ನಿಲ್ಲಿಸುತ್ತಿದ್ದರು. ದಾಕ್ಷಾಯಣಮ್ಮನಿಗೆ ಸುದ್ದಿ ತಲುಪಿ, ಮನೆಗೇ ಬಂದರು. ಆ ಹೆಂಗಸು ಜೋರು ಮಾತಾಡಿದ್ದನ್ನು ಹಟ್ಟಿ ಕೇಳಿದ್ದು ಅದೇ ಮೊದಲು.

"ಏನಯ್ಯಾ ಬೋಸಯ್ಯ, ಇದೇನು ಡಂಗುರ ಹೊಡೆಯೋ ಮಾತೇ? ನಿಮ್ಮಣ್ಣ ತಾಯಿಗೆ ಹೇಳೋ ಮಾತು, ಊರಿಗಲ್ಲ. ಅಲ್ಲಿ ಕೇಳಿದ್ದನ್ನ ಇನ್ನು ಮುಂದೆ ಯಾರಿಗೂ ಹೇಳಬಾರದು. ಊರ ಗೌಡರು ಕೇಳಿದ್ರೂ ಇಲ್ಲ, ಪೊಲೀಸರು ಕೇಳಿದ್ರೂ ಇಲ್ಲ, ಕೊನೆಗೆ ನಾನೇ ಬಂದು ಕೇಳಿದ್ರೂ ಹೇಳಬಾರದು. ತಿಳೀತಾ?"

"ನಮ್ಮವ್ವ ಕೇಳಿದ್ರೆ ಮೇಡಂ?"

"ಅವರೇ ಕೇಳಿಸ್ಕೊಂಡಿರ್ತಾರಲ್ಲಪ್ಪ, ನಿನ್ನನ್ಯಾಕೆ ಕೇಳ್ತಾರೆ? ಯಾರಿಗೂ ಅಂದ್ರೆ ಯಾರಿಗೂ."

ಓಬಮ್ಮನಿಗೆ ಅಷ್ಟಕ್ಕೂ ನಂಬಿಕೆ ಬರಲಿಲ್ಲ. ಬರುವುದಾದರೂ ಹೇಗೆ? ಮಗನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡಳು. "ನನ್ನಾಣೆ ಮಾಡು. ಹೇಳಿದ್ರೆ ಈ ನಿಮ್ಮವ್ವ ಸತ್ತೋಗ್ತಾಳೆ ಅಂತ ಮಾಡು."

ಬೋಸಯ್ಯ ಇನ್ನೊಂದು ಕೈಯನ್ನೂ ಅವಳ ತಲೆಯ ಮೇಲಿಟ್ಟ. ಅವನಿಗೆ ಲೋಕದಲ್ಲಿದ್ದದ್ದು ಅವಳೊಬ್ಬಳೇ. "ನಿನ್ನಾಣೆ ಕಣವ್ವ. ಜೀವ ಹೋದ್ರೂ ಹೇಳಕಿಲ್ಲ."

ಐದನೆಯ ತಿಂಗಳು ಬಂತು. ಲೈಬ್ರರಿಯ ಸುತ್ತ ಜನವೋ ಜನ. ಕುರಿ ಬಿಟ್ಟು ಬಂದವರು, ಮಗ್ಗ ಬಿಟ್ಟು ಬಂದವರು, ಕಿಟಕಿಗೆ ಕಿವಿ ಕೊಟ್ಟು ನಿಂತವರು. ಗದ್ದಲದಿಂದ ಸ್ವಲ್ಪ ದೂರದಲ್ಲಿ, ಬೇವಿನ ಮರಕ್ಕೆ ಒರಗಿ ಚೌಡಮ್ಮ ನಿಂತಿದ್ದಳು. ಓಬಮ್ಮ ಅವಳ ಮುಂದೆಯೇ ಹಾದು ಒಳಗೆ ಹೋಗಬೇಕಾಯಿತು. ಇನ್ನು ಹತ್ತು ನಿಮಿಷ ತಾಯಿ, ಹತ್ತೇ ನಿಮಿಷ, ಆಮೇಲೆ ನಿನ್ನ ಮುಖ ನೋಡ್ತೀನಿ ಅಂತ ಮನಸ್ಸಿನಲ್ಲೇ ಅಂದುಕೊಂಡಳು.

ಮೇಡಮ್ಮು ಕಿಟಕಿ ಮುಚ್ಚಿದರು. ಕದ ಎಳೆದರು. ಆದರೂ ಹಳೆಯ ಕಟ್ಟಡ, ಸಂದು ಬಿಟ್ಟಿತ್ತು, ಒಳಗೆ ಕೆಮ್ಮಿದರೆ ಹೊರಗೆ ಕೇಳುತ್ತಿತ್ತು. ಅದಕ್ಕೆಂದೇ ಒಂದೇ ಕಿವಿಯ ಇಯರ್‌ಫೋನು ತಂದಿದ್ದರು. ಅದರ ಗುಂಡನ್ನು ಓಬಮ್ಮನ ಕಿವಿಗೆ ಸಿಕ್ಕಿಸಿದರು. ಕತ್ತಿನ ಹತ್ತಿರ ವಯರಿನಲ್ಲಿ ಒಂದು ಸಣ್ಣ ಗುಬುಟು ಇತ್ತು. "ನೀವು ಆಡೋ ಮಾತು ಇದರಲ್ಲಿ ಹೋಗುತ್ತೆ ಓಬಮ್ಮೋರೆ, ಅವನ ಮಾತು ಕಿವಿಗೆ ಬರುತ್ತೆ" ಅಂದರು. ಆಮೇಲೆ ಬೋಸಯ್ಯನ ಕಡೆ ತಿರುಗಿ, "ನೋಡಪ್ಪ, ಇದರಿಂದ ಒಂದು ಮಾತೂ ಆಚೆ ಬೀಳಬಾರದು. ಬಿತ್ತು ಅಂದ್ರೆ ಕಿಟಕಿಯವರ ಪಾಲು. ಕಿವಿಗೆ ಗಟ್ಟಿಯಾಗಿ ಒತ್ತಿ ಹಿಡಿ, ಮಾತು ಮುಗಿಯೋವರೆಗೂ ಬಿಡಬೇಡ" ಅಂದು, ಕಿಟಕಿಯ ಜನರನ್ನು ದೂರ ತಳ್ಳಲು ಹೊರಗೆ ಹೋದರು.

ಲೈನು ಬಂತು. ಅವತ್ತಿನಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಪಾಲಯ್ಯ ಗಡ್ಡ ತೆಗೆಸಿದ್ದ. ಒಗೆದ ಅಂಗಿ ಹಾಕಿದ್ದ. "ಅವ್ವಾ" ಅಂದ. ಓಬಮ್ಮನ ಕಿವಿಯೊಳಗೇ ಅಂದ ಹಾಗಾಯಿತು. ನಾಲ್ಕು ವರ್ಷದಲ್ಲಿ ಅವನು ಅಷ್ಟು ಹತ್ತಿರ ಬಂದಿರಲಿಲ್ಲ. ಅವಳಿಗೆ ಅಳು ತಡೆಯಲಿಲ್ಲ, ಸೆರಗು ಎಳೆದು ಕಣ್ಣೊರೆಸಿಕೊಂಡಳು. ಸೆರಗಿನ ಜೊತೆ ಕಿವಿಯ ಗುಂಡೂ ಕಿತ್ತುಬಂತು. ಮಡಿಲಿಗೆ ಬಿತ್ತು.

ಬೋಸಯ್ಯ ಕಂಡ. ಮಾತು ಆಚೆ ಬೀಳುತ್ತಿತ್ತು. ಹದ್ದಿನ ಹಾಗೆ ಎರಗಿ, ಗುಂಡನ್ನು ಎತ್ತಿ ತನ್ನ ಕಿವಿಗೆ ತುರುಕಿಕೊಂಡು ಅಂಗೈಯಿಂದ ಒತ್ತಿ ಹಿಡಿದ. ವಯರಿನ ಗುಬುಟು ಇನ್ನೊಂದು ಮುಷ್ಟಿಯೊಳಗೆ ಹೋಯಿತು.

"ಕೊಡ್ಲಾ, ಕೊಡ್ಲಾ ಇಲ್ಲಿ!"

ಬೋಸಯ್ಯ ತಲೆ ಆಡಿಸಿದ. ಮಾತು ಮುಗಿಯುವವರೆಗೂ ಬಿಡಬಾರದು. ಓಬಮ್ಮ ಅವನ ತೋಳು ಹಿಡಿದು ಜಗ್ಗಿದಳು. ಎತ್ತಿನಂಥ ಆಳು, ಅರವತ್ತೆಂಟರ ಮುದುಕಿ. ತೋಳು ಕದಲಲಿಲ್ಲ. ಪರದೆಯ ಮೇಲೆ ಪಾಲಯ್ಯ ಕಣ್ಣು ತಗ್ಗಿಸಿ ಮಾತಾಡುತ್ತಿದ್ದ. ನಾಲ್ಕು ವರ್ಷ ಮುಚ್ಚಿದ್ದ ಬಾಯಿ ಕಟ್ಟೆ ಒಡೆದ ಹಾಗೆ ಮಾತಾಡುತ್ತಿತ್ತು. ಒಮ್ಮೆ ಎದೆ ಮುಟ್ಟಿಕೊಂಡ. ಒಮ್ಮೆ ಎರಡೂ ಅಂಗೈ ಬಿಚ್ಚಿ ತೋರಿಸಿದ. ಬೋಸಯ್ಯನ ಮುಖ ನೋಡಿದರೆ ಅಲ್ಲಿ ಏನಾದರೂ ತಿಳಿಯುತ್ತದೆ ಅಂತ ಓಬಮ್ಮ ತಿರುಗಿದಳು. ಬೋಸಯ್ಯ ತುಟಿ ಕಚ್ಚಿಕೊಂಡು, ಸಂತೆಯಲ್ಲಿ ಗಂಟು ಕಾಯುವವನ ಹಾಗೆ, ಕಣ್ಣು ಬಿಗಿಯಾಗಿ ಮುಚ್ಚಿದ್ದ.

"ಪಾಲಾ, ಕೇಳ್ತಿಲ್ಲ ಕಣಪ್ಪ. ನಂಗೆ ಏನೂ ಕೇಳ್ತಿಲ್ಲ" ಅಂತ ಓಬಮ್ಮ ಪರದೆಗೆ ಕೂಗಿದಳು. ಕೂಗು ಹೋಗಬೇಕಾದ ಗುಬುಟು ಬೋಸಯ್ಯನ ಮುಷ್ಟಿಯಲ್ಲಿತ್ತು. ಹೊರಗೆ ಜನರನ್ನು ತಳ್ಳುತ್ತಿದ್ದ ದಾಕ್ಷಾಯಣಮ್ಮನಿಗೆ ಗದ್ದಲದಲ್ಲಿ ಅದು ಕೇಳಲಿಲ್ಲ.

ಪಾಲಯ್ಯ ಮಾತು ಮುಗಿಸಿದ. ಕೈ ಮುಗಿದು, ತಾಯಿಯ ಮುಖ ನೋಡುತ್ತ ಕೂತ. ಅವಳು ಏನನ್ನುತ್ತಾಳೆ ಅಂತ ಕಾದ. ಓಬಮ್ಮ ಇಲ್ಲ, ಇಲ್ಲ, ಇಲ್ಲ ಅಂತ ಕೈ ಅಲ್ಲಾಡಿಸಿದಳು, ತಲೆ ಅಲ್ಲಾಡಿಸಿದಳು. ಕೇಳಲಿಲ್ಲ ಅಂತ ಅವಳು ಹೇಳುತ್ತಿದ್ದದ್ದು. ಅವನಿಗೆ ಕಂಡದ್ದು ಕೈ ಮತ್ತು ತಲೆ ಮಾತ್ರ. ಮುಗಿದ ಕೈ ಮೆಲ್ಲಗೆ ಕೆಳಗಿಳಿಯಿತು. ಆಗಲಿ ಅನ್ನುವ ಹಾಗೆ ಒಂದು ಸಲ ತಲೆ ಆಡಿಸಿ, ಎದ್ದು ಹೋದ. ಖಾಲಿ ಕುರ್ಚಿ ಸ್ವಲ್ಪ ಹೊತ್ತು ಕಾಣಿಸಿತು. ಹತ್ತು ನಿಮಿಷದಲ್ಲಿ ಇನ್ನೂ ಮೂರು ನಿಮಿಷ ಬಾಕಿ ಇತ್ತು.

ಬೋಸಯ್ಯ ಕಿವಿಯಿಂದ ಗುಂಡು ತೆಗೆದು ಜೋಪಾನವಾಗಿ ಮೇಜಿನ ಮೇಲಿಟ್ಟ. "ಒಂದು ಮಾತೂ ಆಚೆ ಬೀಳ್ಲಿಲ್ಲ ಕಣವ್ವ" ಅಂದ.

"ಏನಂದ್ನೋ? ಏನಂದ್ನೋ ನಿಮ್ಮಣ್ಣ?"

"ಹೇಳಂಗಿಲ್ಲ ಕಣವ್ವ."

ಓಬಮ್ಮನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಅಂಗಿ ಹಿಡಿದು ಜಗ್ಗಿದಳು. "ನಾನು ನಿಮ್ಮವ್ವ ಕಣೋ. ನಂಗೇ ಹೇಳಿದ ಮಾತು ಕಣೋ ಅದು."

"ಯಾರಿಗೂ ಅಂದ್ರೆ ಯಾರಿಗೂ ಅಂದವ್ರೆ ಮೇಡಮ್ಮು."

ಮೇಡಮ್ಮನ್ನು ಕರೆದಳು. ದಾಕ್ಷಾಯಣಮ್ಮ ಓಡಿ ಬಂದು, ನಡೆದದ್ದು ಕೇಳಿ, ಮುಖ ಸಪ್ಪಗೆ ಮಾಡಿಕೊಂಡು, "ಬೋಸಯ್ಯ, ನಾನೇ ಹೇಳ್ತಾ ಇದೀನಿ, ನಿಮ್ಮಮ್ಮನಿಗೆ ಹೇಳು" ಅಂದರು.

ಬೋಸಯ್ಯ ನಕ್ಕ. ಇಷ್ಟು ವರ್ಷಕ್ಕೆ ಒಂದು ಪರೀಕ್ಷೆ ಪಾಸಾದವನ ನಗು ಅದು. "ನೀವೇ ಬಂದು ಕೇಳಿದ್ರೂ ಹೇಳ್ಬಾರ್ದು ಅಂದಿದ್ರಲ್ಲ ಮೇಡಂ."

ಮುಂದಿನ ತಿಂಗಳು ಓಬಮ್ಮ ಪರದೆಯ ಮುಂದೆ ಕೂತಳು. ಮುಖ ಬರಲಿಲ್ಲ, ಎರಡು ಸಾಲು ಅಕ್ಷರ ಬಂತು. ಕೈದಿಗೆ ಭೇಟಿ ಬೇಡವಂತೆ ಅಂತ ಮೇಡಮ್ಮು ಓದಿ ಹೇಳಿದರು. ಅದರ ಮುಂದಿನ ತಿಂಗಳೂ ಬೇಡವಂತೆ. ಮೂರು ಕಾಗದ ಬರೆಸಿದಳು, ನಂಗೆ ಕೇಳಿಸಲಿಲ್ಲ ಕಣಪ್ಪ, ಕೈ ಅಲ್ಲಾಡಿಸಿದ್ದು ಅದಕ್ಕೇ ಕಣಪ್ಪ ಅಂತ. ಉತ್ತರ ಬರಲಿಲ್ಲ. ಅವನು ಒಡೆದೇ ನೋಡಲಿಲ್ಲವೋ, ಓದಿದರೂ ನಂಬಲಿಲ್ಲವೋ. ನಂಬುವುದಾದರೂ ಹೇಗೆ, ಹೆತ್ತವಳು ತಲೆ ಅಲ್ಲಾಡಿಸಿದ್ದನ್ನು ಕಣ್ಣಾರೆ ಕಂಡವನು.

ಹೀಗೆ ಆ ಮಾತು ಲೋಕದಲ್ಲಿ ಎರಡೇ ಕಡೆ ಉಳಿಯಿತು. ಒಂದು ಜೈಲಿನಲ್ಲಿ. ಇನ್ನೊಂದು ಬೋಸಯ್ಯನ ತಲೆಯಲ್ಲಿ.

ಓಬಮ್ಮ ಅವನಿಗೆ ಬೆಲ್ಲದ ಹೋಳಿಗೆ ಮಾಡಿ ಹಾಕಿ ಕೇಳಿದಳು. ಊಟ ಕೊಡದೆ ಕೇಳಿದಳು. ಕಾಲು ಹಿಡಿದು ಕೇಳಿದಳು. ಪೊರಕೆ ಹಿಡಿದು ಕೇಳಿದಳು. "ಹೌದು ಅನ್ನಬ್ಯಾಡ, ಇಲ್ಲ ಅನ್ನಬ್ಯಾಡ, ಸುಮ್ನೆ ತಲೆ ಆಡಿಸು" ಅಂದಳು. ಬೋಸಯ್ಯ ಕತ್ತು ಸೆಟೆಸಿಕೊಂಡು ಗೋಡೆಗೆ ಅಂಟಿ ನಿಂತ, ಎಲ್ಲಿ ತಲೆ ತಾನಾಗಿ ಆಡಿಬಿಡುತ್ತದೋ ಅಂತ. ಆಣೆ ವಾಪಸ್ಸು ತಗೊಂಡೆ ಅಂದಳು. ಅವನು ಬಹಳ ಹೊತ್ತು ಯೋಚಿಸಿ ಹೇಳಿದ, "ಒಂದು ವ್ಯಾಳೆ ವಾಪಸ್ಸು ಬರದಿದ್ರೆ? ನೀ ಸತ್ತೋದ್ರೆ ನಂಗ್ಯಾರವ್ವ?"

ಒಂದು ಮಧ್ಯಾಹ್ನ ಚೌಡಮ್ಮ ಬಂದಳು. ನಾಲ್ಕು ವರ್ಷದಲ್ಲಿ ಆ ಜಗಲಿ ತುಳಿದಿರಲಿಲ್ಲ. ಓಬಮ್ಮನನ್ನು ಮಾತಾಡಿಸಲಿಲ್ಲ, ನೇರ ಬೋಸಯ್ಯನ ಮುಂದೆ ಕೂತಳು. "ಅಪ್ಪಾ, ಮಣ್ಣಾದೋನು ನನ್ನ ಗಂಡ. ನಾನು ಯಾರ ಮೇಲೂ ದೂರು ಹೋಗಕಿಲ್ಲ, ಜಗಳ ಆಡಕಿಲ್ಲ. ಯಾರನ್ನ ಶಪಿಸಬೇಕು, ಯಾರನ್ನ ಬಿಡಬೇಕು, ಅಷ್ಟು ಗೊತ್ತಾದ್ರೆ ಸಾಕು. ನಿಮ್ಮಣ್ಣ ಏನಂದ?"

ಓಬಮ್ಮ ಹೊಸ್ತಿಲು ದಾಟಿ ಬಂದು ಚೌಡಮ್ಮನ ಪಕ್ಕದಲ್ಲೇ ಕೂತಳು. ಕೂತದ್ದು ಅವಳಿಗೇ ತಿಳಿಯಲಿಲ್ಲ. ಕೊಂದವನ ತಾಯಿಯೋ, ಕೊಲ್ಲದವನ ತಾಯಿಯೋ ಆದ ಒಬ್ಬಳು, ಮತ್ತು ಗಂಡ ಸತ್ತ ಒಬ್ಬಳು, ಇಬ್ಬರೂ ಒಬ್ಬ ಪೆದ್ದನ ಬಾಯಿಯನ್ನೇ ನೋಡುತ್ತ ಕೂತರು.

ಬೋಸಯ್ಯ ಇಬ್ಬರನ್ನೂ ನೋಡಿದ. ಅವನ ಕಣ್ಣು ತುಂಬಿತ್ತು. ಅವನಿಗೇನು ಭಾರವಿರಲಿಲ್ಲ ಅಂತಲ್ಲ. ಅಣ್ಣ ಹೇಳಿದ್ದೆಲ್ಲ ಒಂದಕ್ಷರ ಬಿಡದೆ ಅವನ ತಲೆಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಇಟ್ಟುಕೊಳ್ಳುವವನಲ್ಲವೇ? ಬಾಯಿ ತೆರೆದ. ಇಬ್ಬರು ಹೆಂಗಸರೂ ಮುಂದಕ್ಕೆ ಬಾಗಿದರು. ಅವನು ಎರಡೂ ಅಂಗೈಗಳಿಂದ ಬಾಯಿ ಮುಚ್ಚಿಕೊಂಡ.

ಚೌಡಮ್ಮ ಎದ್ದು ಹೋದಳು. ಅವಳು ಬೀದಿ ತಿರುಗಿ ಮರೆಯಾಗುವವರೆಗೂ ಬೋಸಯ್ಯ ಕೈ ತೆಗೆಯಲಿಲ್ಲ. ಆಮೇಲೆ ತೆಗೆದು, ದೊಡ್ಡದಾಗಿ ಉಸಿರು ಬಿಟ್ಟು, ಅವ್ವನ ಹತ್ತಿರ ಸರಿದು ಕೂತ. ಬೈಗುಳ ಬರುತ್ತದೆ, ಅದರ ಹಿಂದೆ ಹೊಸ ಬುದ್ಧಿಮಾತು ಬರುತ್ತದೆ ಅಂತ ಕಾದ. ಎಷ್ಟು ಹೊತ್ತಾದರೂ ಎರಡೂ ಬರಲಿಲ್ಲ. ಅವನು ಅವಳ ಮುಖವನ್ನು ಬಗ್ಗಿ ನೋಡಿ ಕೇಳಿದ:

"ಈ ಸಲ ನೀ ಹೇಳ್ದಂಗೇ ಮಾಡಿದ್ನಲ್ಲವ್ವ?"